ಕಂದು ಕೀಳುವ ಮುಂಚೆ ತಾಯಿಯನ್ನು ನೋಡಿ

ಭಾನುವಾರ ಬೆಳಗ್ಗೆ ನಮ್ಮ ಗೇಟಿನ ಹತ್ತಿರ ಯಾರಾದರೂ ಖಾಲಿ ಚೀಲ ಹಿಡಿದು ನಿಂತಿದ್ದರೆ, ಗಿಡ ಕೇಳೋಕೆ ಬಂದಿದ್ದಾರೆ ಅಂತಲೇ ಲೆಕ್ಕ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಮನೆ ಕಟ್ಟಿ ಹಿಂದೆ ಉಳಿದಿದ್ದು 15 ಅಡಿ ಜಾಗ. ಅಷ್ಟರಲ್ಲೇ ಬಾಳೆ, ಕರಿಬೇವು, ಮಲ್ಲಿಗೆ, ಅರಿಶಿನ, ಒಂದೆಲಗ, ವೀಳ್ಯದೆಲೆ ಬಳ್ಳಿ ಎಲ್ಲಾ ಇವೆ. ಇದರಲ್ಲಿ ಒಂದಕ್ಕೂ ನಾನು ಬೀಜ ಹಾಕಿದವಳಲ್ಲ. ಎಲ್ಲವೂ ಯಾರದೋ ಹಿತ್ತಲಿಂದ ಕಂದಾಗಿ, ಅಂದರೆ ತಾಯಿ ಗಿಡದ ಬುಡದಲ್ಲಿ ಏಳುವ ಮರಿಯಾಗಿ, ಗಡ್ಡೆಯಾಗಿ, ಬಳ್ಳಿಯ ತುಂಡಾಗಿ ಬಂದವು. ಈಗ ನಮ್ಮ ಹಿತ್ತಲಿಂದ ಮತ್ತೊಬ್ಬರ ಹಿತ್ತಲಿಗೆ ಹೋಗುತ್ತಿವೆ.

ಕೇಳೋಕೆ ಬಂದವರಿಗೆಲ್ಲ ಒಂದೇ ಕಥೆ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದು ಇಡೋಣ ಅಂತ ಕೂತೆ.

ಬೀಜದಿಂದ ಹುಟ್ಟಿದ ಗಿಡಕ್ಕೆ ಅಪ್ಪ ಅಮ್ಮ ಇಬ್ಬರ ಗುಣವೂ ಬೆರೆತು ಬರುತ್ತದೆ. ಹೇಗೆ ಬರುತ್ತೋ ಹೇಳೋಕಾಗಲ್ಲ. ಕಂದಿನದು ಹಾಗಲ್ಲ. ಬಾಳೆ ಬುಡದಲ್ಲಿ ಎದ್ದ ಕಂದು ಅದೇ ಬಾಳೆ, ಇನ್ನೊಂದು ಜಾಗದಲ್ಲಿ ತಲೆ ಎತ್ತಿದೆ ಅಷ್ಟೇ. ರುಚಿ ಅದೇ, ವಾಸನೆ ಅದೇ, ರೋಗಕ್ಕೆ ಬಗ್ಗುವ ಗುಣವೂ ಅದೇ. ಹೀಗೆ ಒಂದೇ ಗಿಡ ಕಂದು, ಬೇರು, ಬಳ್ಳಿ, ಗಡ್ಡೆ ಬಿಟ್ಟುಕೊಂಡು ಹತ್ತಾರು ಗಿಡಗಳ ಹಿಂಡಾಗುವುದನ್ನು ವಿಜ್ಞಾನದವರು ಕ್ಲೋನ್ ಗುಂಪು ಅಂತಾರೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಪಾಂಡೋ ಅಂತ ಒಂದು ಕಾಡಿದೆ, ಆಸ್ಪೆನ್ ಅನ್ನುವ ಮರಗಳದು. 106 ಎಕರೆ, ಸುಮಾರು 47,000 ಕಾಂಡ, ಎಲ್ಲವೂ ಒಂದೇ ಬೇರಿನ ಜಾಲದಿಂದ ಎದ್ದವು. ಲೆಕ್ಕಕ್ಕೆ ಅದು ಒಂದೇ ಮರ. ಗಿಡಗಳಷ್ಟೇ ಅಲ್ಲ, ಓರೆಗಾನ್ ರಾಜ್ಯದ ಒಂದು ಕಾಡಿನ ನೆಲದಡಿ ಒಂದೇ ಅಣಬೆ 9 ಚದರ ಕಿಲೋಮೀಟರಿಗೂ ಜಾಸ್ತಿ ಹಬ್ಬಿಕೊಂಡು ಕೂತಿದೆ. ಪಾಂಡೋ ವಿಷಯವನ್ನು ಪಾಂಡವಪುರದ ಹತ್ತಿರ ಕಬ್ಬು ಬೆಳೆಯುವ ನಮ್ಮ ಅಣ್ಣನಿಗೆ ಹೇಳಿದೆ. "ಅದೇನ್ ಮಹಾ, ನಮ್ಮ ಹೊಲದ ಗರಿಕೆ ಬಂದ್ ನೋಡ್ಲಿ ಬುಡು" ಅಂದ.

ಗರಿಕೆ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಬಾಳೆ.

ಬಾಳೆ, ನಾನು ಕೈ ಸುಟ್ಟುಕೊಂಡಿದ್ದು

ನಂಜನಗೂಡು ರಸಬಾಳೆ ತಿಂದವರಿಗೆ ಬೇರೆ ಬಾಳೆ ಸಪ್ಪೆ ಅನ್ನಿಸುತ್ತೆ. ನಮ್ಮತ್ತೆ ಬದುಕಿರುವವರೆಗೂ ಹಬ್ಬಕ್ಕೆ ರಸಬಾಳೆಯೇ ಆಗಬೇಕಿತ್ತು. ಅವರು ಹೋದ ಮೇಲೆ, ಹಿತ್ತಲಲ್ಲಿ ನಾಲ್ಕು ಗಿಡ ಹಾಕೋಣ ಅಂತ ನನಗೂ ಆಸೆ ಬಂತು. ಪರಿಚಯದವರೊಬ್ಬರ ತೋಟಕ್ಕೆ ಹೋಗಿ ಆರು ಕಂದು ತಂದೆ. ಕಂದುಗಳು ನೋಡೋಕೆ ಚೆನ್ನಾಗಿದ್ದವು, ಹಸಿರಾಗಿ, ಗಟ್ಟಿಯಾಗಿ. ತಾಯಿ ಗಿಡಗಳನ್ನು ಆಗಲೇ ಕಡಿದು ಹಾಕಿದ್ದರು. "ಗೊನೆ ಆಯ್ತು, ಕಡಿದ್ವಿ" ಅಂದರು. ಸರಿ ಅಂದುಕೊಂಡು ಬಂದೆ.

ಅವ್ವ ಆಗ ನಮ್ಮ ಮನೆಯಲ್ಲೇ ಇದ್ದಳು. ಚೀಲ ಬಿಚ್ಚಿದ ತಕ್ಷಣ ಕೇಳಿದ್ದು ಒಂದೇ ಮಾತು. "ತಾಯಿ ನೋಡ್ದಾ?"

"ಇಲ್ಲ ಕಣವ್ವ, ಕಡಿದು ಹಾಕಿದ್ರು."

"ಕಂದು ನೋಡಿ ತರಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ. ಅದರವ್ವನ್ನ ನೋಡ್ಕಂಡು ತರ್ಬೇಕು."

ಏಳು ತಿಂಗಳು ಎಲ್ಲಾ ಚೆನ್ನಾಗಿತ್ತು. ಆಮೇಲೆ ಕೆಳಗಿನ ಎಲೆಯ ಅಂಚು ಹಳದಿಯಾಗೋಕೆ ಶುರುವಾಯಿತು. ನೀರು ಕಡಿಮೆ ಆಯಿತೇನೋ ಅಂತ ಜಾಸ್ತಿ ಬಿಟ್ಟೆ. ಒಂದೊಂದೇ ಎಲೆ ತೊಟ್ಟಿನ ಹತ್ತಿರ ಮುರಿದು, ಲಂಗ ಉಟ್ಟ ಹಾಗೆ ದಿಂಡಿನ ಸುತ್ತ ಜೋತು ಬಿತ್ತು. ಬುಡದಲ್ಲಿ ದಿಂಡು ಉದ್ದಕ್ಕೆ ಸೀಳಿತು. ಕೊನೆಗೆ ಒಂದನ್ನು ಅಡ್ಡ ಕಡಿದು ನೋಡಿದೆ. ಬೆಳ್ಳಗಿರಬೇಕಾದ ದಿಂಡಿನ ಒಳಗೆ ಕೆಂಪು ಕಂದು ಬಣ್ಣದ ಚುಕ್ಕೆಗಳು ಬಳೆ ಹಾಗೆ ಸುತ್ತ ನಿಂತಿದ್ದವು. ಪನಾಮ ರೋಗ. ಆರೂ ಹೋದವು.

ಈ ರೋಗದ ಬೂಷ್ಟು ಮಣ್ಣಲ್ಲಿರುತ್ತದೆ. ಬೇರಿನಿಂದ ಹತ್ತಿ, ನೀರು ಹೋಗುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಅದಕ್ಕೇ ನೀರು ಬಿಟ್ಟಷ್ಟೂ ಗಿಡ ಬಾಡುವುದು. ಔಷಧ ಹೊಡೆದು ವಾಸಿ ಮಾಡೋಕಾಗಲ್ಲ. ಬಾಳೆ ಇಲ್ಲದಿದ್ದರೂ ಹತ್ತಾರು ವರ್ಷ ಮಣ್ಣಲ್ಲೇ ಉಳಿದಿರುತ್ತದೆ. ನಂಜನಗೂಡಿನ ಕಡೆ ರಸಬಾಳೆ ತೋಟಗಳು ಕರಗಿ ಹೋಗಿದ್ದಕ್ಕೆ ದೊಡ್ಡ ಕಾರಣ ಇದೇ. ಹೊರದೇಶದಲ್ಲೂ ಇದೇ ಆಯಿತು. ಗ್ರೋ ಮಿಷೆಲ್ ಅನ್ನುವ ಬಾಳೆಯನ್ನು ಮಧ್ಯ ಅಮೆರಿಕದಲ್ಲಿ ಸಾವಿರಾರು ಎಕರೆ ಬೆಳೆಯುತ್ತಿದ್ದರು. ಎಲ್ಲವೂ ಕಂದಿನಿಂದ ಬಂದವು, ಅಂದರೆ ಎಲ್ಲವೂ ಒಂದೇ ಗಿಡ. ರೋಗಕ್ಕೆ ಒಂದು ಬಗ್ಗಿತು ಅಂದರೆ ಎಲ್ಲವೂ ಬಗ್ಗಿದವು. 1960ರ ಹೊತ್ತಿಗೆ ವ್ಯಾಪಾರಕ್ಕೆ ಅದನ್ನು ಬಿಟ್ಟು ಕ್ಯಾವೆಂಡಿಷ್ ಬಾಳೆಗೆ ಬದಲಾದರು. ನಮ್ಮ ಪಚ್ಚಬಾಳೆ ಆ ಕ್ಯಾವೆಂಡಿಷ್ ಗುಂಪಿನದೇ.

ಹಾಗಾದರೆ ಬೀಜದಿಂದಲೇ ಬೆಳೆಸಬಹುದಲ್ಲ ಅಂತ ಒಬ್ಬರು ಕೇಳಿದರು. ಬೀಜ ಎಲ್ಲಿದೆ? ಹಣ್ಣಿನ ನಡುವೆ ಸಣ್ಣ ಕಪ್ಪು ಚುಕ್ಕೆ ಕಾಣುತ್ತಲ್ಲ, ಅದೇ ಬೀಜದ ಗುರುತು. ಅಷ್ಟಕ್ಕೇ ನಿಂತಿದೆ. ರಸಬಾಳೆ, ಪಚ್ಚಬಾಳೆಗಳಲ್ಲಿ ಎರಡರ ಬದಲು ಮೂರು ಕಂತೆ ವರ್ಣತಂತು (ಗುಣಗಳನ್ನು ಹೊರುವ ಎಳೆಗಳು) ಇರುವುದರಿಂದ ಬೀಜ ಕಟ್ಟಲ್ಲ. ನಾವು ಕಂದು ನೆಡದಿದ್ದರೆ ಅವಕ್ಕೆ ಬೇರೆ ದಾರಿಯೇ ಇಲ್ಲ.

ಈಗ ನಾನು ಮಾಡುವ ಕ್ರಮ ಹೇಳ್ತೀನಿ. ಮೊದಲು ಗೊನೆ ಬಿಟ್ಟು ನಿಂತಿರುವ ತಾಯಿ ಗಿಡ ನೋಡ್ತೀನಿ. ಕಡಿದು ಹಾಕಿದ್ದರೆ ವಾಪಸ್ ಬರ್ತೀನಿ, ಮುಲಾಜಿಲ್ಲ. ಎಲೆ ಅಂಚು, ದಿಂಡಿನ ಬುಡ ನೋಡಿ, ಪಕ್ಕದ ನಾಲ್ಕು ಗಿಡಗಳನ್ನೂ ನೋಡ್ತೀನಿ. ಎಲೆ ನಡುವೆ ಮುದುಡಿ, ಒಂದರ ಮೇಲೊಂದು ಗೊಂಚಲಾಗಿ ನಿಂತಿದ್ದರೆ ಅದು ಇನ್ನೊಂದು ರೋಗ, ನಂಜಿನದು, ಅಂದರೆ ವೈರಸ್‌ನಿಂದ ಬರುವುದು. ಅಲ್ಲಿಂದಲೂ ಬೇಡ.

ಆಮೇಲೆ ಕಂದು. ಒಂದೇ ಬುಡದಲ್ಲಿ ಎರಡು ಥರದ ಕಂದು ಇರುತ್ತವೆ. ಅಗಲ ಎಲೆ ಬಿಟ್ಟುಕೊಂಡು, ನೋಡೋಕೆ ಪುಟ್ಟ ಬಾಳೆಗಿಡದ ಹಾಗೇ ಮುದ್ದಾಗಿ ಇರುವುದು ನೀರು ಕಂದು. ಎಲ್ಲರ ಕೈಯೂ ಅದಕ್ಕೇ ಹೋಗುತ್ತದೆ. ಮುಟ್ಟಬೇಡಿ. ಅದರ ಗಡ್ಡೆ ಸಣ್ಣದು, ತಾಯಿಗೆ ಸುಮ್ನೆ ಅಂಟಿಕೊಂಡಿರುತ್ತದೆ. ಬೇಕಾಗಿದ್ದು ಕತ್ತಿ ಕಂದು. ಎಲೆ ಕತ್ತಿಯ ಅಲಗಿನ ಹಾಗೆ ಸಪೂರ, ಬುಡ ಮಾತ್ರ ದಪ್ಪ. ಮೂರು ತಿಂಗಳಿನದು, ಗಡ್ಡೆ ಒಂದೂವರೆ ಎರಡು ಕೆ.ಜಿ. ತೂಗಬೇಕು. ಇದು ತಾಯಿಯ ಗಡ್ಡೆಗೆ ಆಳದಲ್ಲಿ ಕೂಡಿಕೊಂಡಿರುತ್ತದೆ. ಹಾರೆಯನ್ನು ತಾಯಿ ಮತ್ತು ಕಂದಿನ ನಡುವೆ ನೇರವಾಗಿ ಇಳಿಸಿ, ಒಂದೇ ಏಟಿಗೆ ಬಿಡಿಸಬೇಕು. ಓರೆಯಾಗಿ ಹಾಕಿದರೆ ಗಡ್ಡೆ ಅರ್ಧ ತಾಯಿಯ ಹತ್ತಿರವೇ ಉಳಿಯುತ್ತದೆ.

ಕಿತ್ತ ಮೇಲೆ ಮನೆಗೆ ತಂದು ಮಣ್ಣು ತೊಳೆದು, ಬೇರುಗಳನ್ನು ಕತ್ತರಿಸಿ, ಗಡ್ಡೆಯ ಹೊರಸಿಪ್ಪೆಯನ್ನು ಚಾಕುವಿನಿಂದ ತೆಳ್ಳಗೆ ಹೆರೆಯಿರಿ. ಸುವರ್ಣಗಡ್ಡೆ ಸಿಪ್ಪೆ ತೆಗೆದ ಹಾಗೆ. ಒಳಗೆ ಹಾಲು ಬಣ್ಣ ಕಾಣಬೇಕು. ಕೆಂಪು, ಕಂದು ಬಣ್ಣದ ಗೀರು ಕಂಡರೆ ತಿಪ್ಪೆಗೂ ಹಾಕಬೇಡಿ, ಸುಟ್ಟುಬಿಡಿ. ಚಾಕುವನ್ನೂ ಬೆಂಕಿಗೆ ತೋರಿಸಿ. ಕಣ್ಣಿಗೆ ಶುಚಿಯಾಗಿ ಕಂಡ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ, ಅದಕ್ಕೇ ತಾಯಿಯನ್ನು ನೋಡಿ ಅಂತ ಅಷ್ಟು ಹೇಳಿದ್ದು. ಒಂದು ದಿನ ನೆರಳಲ್ಲಿ ಆರಲಿ. ಒಂದೂವರೆ ಅಡಿ ಗುಂಡಿ, ಕೊಳೆತ ಸಗಣಿ ಗೊಬ್ಬರದ ಜೊತೆ ಒಂದು ಹಿಡಿ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟಿನ ಪುಡಿ). ಗಿಡದಿಂದ ಗಿಡಕ್ಕೆ 6 ಅಡಿ. ಜೂನ್ ಮಳೆ ಬಿದ್ದ ಮೇಲೆ ನೆಟ್ಟರೆ ಒಳ್ಳೆಯದು.

ನೆಟ್ಟು ಮರೆತರೆ ಆಗಲ್ಲ. ಮೂರನೇ ತಿಂಗಳಿಂದ ಬುಡದಲ್ಲಿ ಹೊಸ ಕಂದುಗಳು ಏಳುತ್ತವೆ. ಎಲ್ಲವನ್ನೂ ಬಿಟ್ಟರೆ ಗೊನೆ ಕಿರಿದಾಗುತ್ತದೆ. ನಾನು ತಿಂಗಳಿಗೊಮ್ಮೆ ನೆಲಮಟ್ಟಕ್ಕೆ ಕೊಯ್ದು, ಹೂ ಬಿಟ್ಟ ಮೇಲೆ ಒಂದನ್ನು ಮಾತ್ರ ಉಳಿಸ್ತೀನಿ. ಯಾವ ಕಡೆಯದನ್ನು ಉಳಿಸಬೇಕು ಅನ್ನುವುದೂ ಮುಖ್ಯ. ಬಾಳೆ ನಡೆಯುತ್ತೆ. ಪ್ರತಿ ಸಲವೂ ಕಂದು ತಾಯಿಯಿಂದ ಒಂದಡಿ ಆಚೆ ಏಳುತ್ತಲ್ಲ. ನಾಲ್ಕು ತಲೆಮಾರಿಗೆ ನಾಲ್ಕಡಿ. ಮೊದಲು ಇದನ್ನು ಗಮನಿಸದೆ ಕಾಂಪೌಂಡ್ ಕಡೆಯದನ್ನೇ ಉಳಿಸುತ್ತಾ ಹೋಗಿ, ಕೊನೆಗೆ ಗೊನೆ ಪಕ್ಕದ ಮನೆಯವರ ಕಡೆ ಬಾಗಿ ಬಿತ್ತು. ಅವರು ಒಳ್ಳೆಯವರು, ಅರ್ಧ ಕೊಟ್ಟರು.

ಇನ್ನೊಂದು ದಾರಿ ಟಿಶ್ಯೂ ಕಲ್ಚರ್ ಸಸಿ. ಅದೂ ಕ್ಲೋನೇ, ಗಾಜಿನ ಬಾಟಲಿಯಲ್ಲಿ ಬೆಳೆಸಿದ್ದು. ಒಳ್ಳೆಯ ಕಡೆ ತಂದರೆ ಸಸಿಯ ಜೊತೆ ರೋಗ ಬರಲ್ಲ. ಆದರೆ ನಿಮ್ಮ ಮಣ್ಣಲ್ಲಿ ಆಗಲೇ ಇದ್ದರೆ ಅದಕ್ಕೂ ಹತ್ತುತ್ತೆ. ನಮ್ಮ ಆ ಆರು ಗುಂಡಿಗಳಲ್ಲಿ ನಾನು ಮತ್ತೆ ಬಾಳೆ ಹಾಕಿಲ್ಲ. ಅರಿಶಿನ ಹಾಕಿದ್ದೀನಿ, ಚೆನ್ನಾಗಿ ಬಂದಿದೆ. ಈಗಿನ ಬಾಳೆ ಇರುವುದು ಆಚೆ ಮೂಲೆಯಲ್ಲಿ, ಪಚ್ಚಬಾಳೆ.

ಅಣ್ಣನ ಕೂಳೆ ಕಬ್ಬು

ಮಂಡ್ಯದವರಿಗೆ ಕಬ್ಬಿನ ವಿಷಯ ಹೇಳಿಕೊಡೋಕೆ ಹೋದರೆ ನಗ್ತಾರೆ. ಆದರೂ ಪಟ್ಟಣದಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿರಲ್ಲ. ಕಬ್ಬಿಗೆ ಬೀಜ ಬಿತ್ತಲ್ಲ, ಜಲ್ಲೆಯನ್ನೇ ತುಂಡು ಮಾಡಿ ಸಾಲಲ್ಲಿ ಮಲಗಿಸ್ತಾರೆ. ಪ್ರತಿ ಗಿಣ್ಣಲ್ಲೂ ಒಂದು ಕಣ್ಣಿರುತ್ತದೆ, ಅದು ಮೊಳಕೆ. ಊರಲ್ಲಿ ಕೋ 86032 ಅಂತಾರಲ್ಲ, ಕೋ ಅಂದರೆ ಕೊಯಮತ್ತೂರು, ಅಲ್ಲಿಯ ಕಬ್ಬು ತಳಿ ಸಂಸ್ಥೆಯದು. ಅಲ್ಲಿ ಒಂದೇ ಒಂದು ಬೀಜದ ಸಸಿಯಾಗಿ ಹುಟ್ಟಿದ್ದು. ಇವತ್ತು ಮಂಡ್ಯದ ಗದ್ದೆಯಲ್ಲೂ ಮಹಾರಾಷ್ಟ್ರದ ಗದ್ದೆಯಲ್ಲೂ ನಿಂತಿರುವ ಆ ತಳಿಯ ಕಬ್ಬೆಲ್ಲ ಆ ಒಂದು ಸಸಿಯ ತುಂಡುಗಳೇ. ಪಾಂಡೋ ಏನು ಲೆಕ್ಕ!

ಬಿತ್ತನೆಗೆ ಅಣ್ಣ ಏಳೆಂಟು ತಿಂಗಳಿನ ಎಳೆ ಕಬ್ಬೇ ಬೇಕು ಅಂತಾನೆ. ಬಲಿತ ಕಬ್ಬಿನ ಬುಡದ ಕಣ್ಣು ಮಂಕು, ಮೇಲಿನ ಭಾಗದ್ದು ಬೇಗ ಒಡೆಯುತ್ತದೆ. ತುಂಡು ಮಾಡುವಾಗ ನಡುನಡುವೆ ಒಂದೊಂದನ್ನು ಉದ್ದಕ್ಕೆ ಸೀಳಿ ನೋಡುತ್ತಾನೆ. ಒಳಗೆ ಕೆಂಪಗಾಗಿ, ನಡುನಡುವೆ ಬಿಳಿ ಮಚ್ಚೆ ಇದ್ದು, ಹುಳಿ ಹೆಂಡದ ವಾಸನೆ ಹೊಡೆದರೆ ಕೆಂಪು ಕೊಳೆ. ಆ ಗದ್ದೆಯ ಕಬ್ಬು ಪೂರ್ತಿ ಬಿತ್ತನೆಗೆ ಬೇಡ.

ಮೊದಲ ಬೆಳೆ ತನಿ. ಕಡಿದ ಮೇಲೆ ಅದೇ ಬುಡದಿಂದ ಚಿಗುರುವುದು ಕೂಳೆ. ಇಲ್ಲಿ ಕಡಿಯುವವರ ಕೈಯಲ್ಲೇ ಎಲ್ಲಾ ಇದೆ. ಬಗ್ಗೋಕೆ ಬೇಜಾರಾಗಿ ಅರ್ಧ ಅಡಿ ಮೇಲೆ ಕಡಿದರೆ ಮೇಲಿನ ಕಣ್ಣುಗಳು ಒಡೆಯುತ್ತವೆ. ಅವಕ್ಕೆ ಸ್ವಂತ ಬೇರು ಸರಿಯಾಗಿ ಇಳಿಯಲ್ಲ, ಗಾಳಿಗೆ ಬೀಳುತ್ತವೆ. ನೆಲಕ್ಕೆ ಸವರಿದ ಹಾಗೆ ಕಡಿದರೆ ಮಣ್ಣೊಳಗಿನ ಕಣ್ಣು ಒಡೆದು, ಹೊಸ ಬೇರು ಬಿಟ್ಟು ಏಳುತ್ತದೆ. ತರಗು ಸುಡಬಾರದು, ಸಾಲಿಗೆ ಹಾಸಬೇಕು. ಒಂದು ಕೂಳೆ, ಎರಡು ಕೂಳೆ ಸರಿ. ಮೂರನೆಯದಕ್ಕೆ ಅಣ್ಣ ಆಸೆಪಟ್ಟ ವರ್ಷ ಬುಡದಲ್ಲಿ ಹುಲ್ಲಿನ ಹಾಗೆ ಸಣ್ಣ ಸಣ್ಣ ಬಿಳಚಿದ ಮರಿಗಳು ಬಂದು ಅರ್ಧ ಗದ್ದೆ ಬರೀ ಮೇವಾಯಿತು. ಬುಡ ಹಳೆಯದಾದಷ್ಟೂ ಅದರ ರೋಗವೂ ಅಲ್ಲೇ ಕೂಡಿಕೊಳ್ಳುತ್ತಾ ಹೋಗುತ್ತದೆ. ಗದ್ದೆ ಒಂದೇ ಗಿಡ ಅನ್ನುವುದು ಅವತ್ತು ಅವನಿಗೆ ತಿಳಿಯಿತು. ನನಗಂತೂ ಪಾಂಡೋ ವಿಷಯದಲ್ಲಿ ಗೇಲಿ ಮಾಡಿದ್ದಕ್ಕೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು ಅನ್ನಿ.

ಕರಿಬೇವು ಮತ್ತು ಚಿಕ್ಕಪುಟ್ಟವು

ಭಾನುವಾರ ಬರುವ ಹತ್ತು ಜನರಲ್ಲಿ ಏಳು ಜನ ಕೇಳುವುದು ಕರಿಬೇವು. ಮರದ ಸುತ್ತ ಬೇರಿನಿಂದ ಮರಿ ಏಳುತ್ತವಲ್ಲ, ಅದನ್ನು ಕೈಯಲ್ಲೇ ಎಳೆದು ಕಿತ್ತುಕೊಂಡು ಹೋಗ್ತಾರೆ. ಒಂದು ವಾರಕ್ಕೆ ಒಣಗುತ್ತೆ. ಆಮೇಲೆ "ನಿಮ್ಮ ಕೈಗುಣ ಸರಿ ಇಲ್ಲ" ಅಂತ ನನಗೇ ಹೇಳ್ತಾರೆ!

ಆ ಮರಿಗೆ ಸ್ವಂತ ಬೇರು ತೀರಾ ಕಡಿಮೆ. ತಾಯಿಯ ಬೇರೇ ಅದಕ್ಕೆ ಊಟ ಹಾಕುತ್ತಿರುತ್ತದೆ. ಹಾಗಾಗಿ ಎರಡು ಸಲಕ್ಕೆ ಬಿಡಿಸಬೇಕು. ಮುಂಗಾರು ಶುರುವಾದ ಮೇಲೆ ಒಂದಡಿ ಎತ್ತರದ ಮರಿ ಆರಿಸಿ. ಮಣ್ಣು ನಿಧಾನಕ್ಕೆ ಸರಿಸಿದರೆ ಹೆಬ್ಬೆರಳು ಗಾತ್ರದ ಬೇರು ಅಡ್ಡ ಹೋಗಿರುವುದು ಕಾಣುತ್ತೆ, ಮರಿ ಅದರ ಬೆನ್ನ ಮೇಲೆ ನಿಂತಿರುತ್ತದೆ. ತಾಯಿಯ ಕಡೆಗೆ ಮಾತ್ರ, ಮರಿಯಿಂದ ಒಂದು ಗೇಣು ಬಿಟ್ಟು, ಆ ಬೇರನ್ನು ಚೂಪಾದ ಕತ್ತರಿಯಿಂದ ಕತ್ತರಿಸಿ. ಮರಿಯನ್ನು ಅಲ್ಲಾಡಿಸಬೇಡಿ. ಮಣ್ಣು ಮುಚ್ಚಿ ನೀರು ಹಾಕಿ ಬನ್ನಿ. ಒಂದು ತಿಂಗಳು ಅಲ್ಲೇ ಇರಲಿ. ಎಲೆ ಒಂದೆರಡು ಉದುರುತ್ತೆ, ಹೆದರಬೇಡಿ. ಹೊಸ ಚಿಗುರು ಬಂದರೆ ಸ್ವಂತ ಬೇರು ಬಿಟ್ಟಿದೆ ಅಂತ ಅರ್ಥ. ಆಗ ಮಣ್ಣಿನ ಉಂಡೆ ಸಮೇತ ಎತ್ತಿ, ಎಲೆ ಅರ್ಧ ಕತ್ತರಿಸಿ ಕುಂಡಕ್ಕೆ ಹಾಕಿ. ಹದಿನೈದು ದಿನ ನೆರಳು. ನಾನು ಮರಿಗಳಿಗೆ ಸುತ್ತ ಕೆಂಪು ದಾರ ಕಟ್ಟಿರ್ತೀನಿ, ಯಾವ ಭಾನುವಾರ ಕತ್ತರಿಸಿದ್ದು ಅಂತ ಕ್ಯಾಲೆಂಡರಲ್ಲಿ ಬರೆದಿರ್ತೀನಿ.

ಮಲ್ಲಿಗೆಗೆ ಇನ್ನೂ ಸುಲಭ. ನೆಲಕ್ಕೆ ಬಾಗುವ ಕೊಂಬೆಯೊಂದನ್ನು ಹಿಡಿದು, ಗಿಣ್ಣಿನ ಕೆಳಗೆ ಸ್ವಲ್ಪ ಗೀರಿ, ಮಣ್ಣಲ್ಲಿ ಹೂತು ಮೇಲೊಂದು ಕಲ್ಲು ಇಡಿ. ಮೂರು ತಿಂಗಳಲ್ಲಿ ಬೇರು. ವೀಳ್ಯದೆಲೆಗೆ ನಾಲ್ಕು ಗಿಣ್ಣಿನ ಬಳ್ಳಿ ತುಂಡು, ಎರಡು ಗಿಣ್ಣು ಮಣ್ಣೊಳಗೆ, ಜೊತೆಗೆ ನೆರಳು ಮತ್ತು ತೇವ. ಹೆಸರಾದ ಮೈಸೂರಿನ ಎಲೆತೋಟದ ಬಳ್ಳಿಯೂ ಹೀಗೇ ತುಂಡು ತುಂಡಾಗಿ ಕೈಯಿಂದ ಕೈಗೆ ದಾಟಿಕೊಂಡು ಬಂದಿದ್ದು. ಒಂದೆಲಗಕ್ಕೆ ಏನೂ ಹೇಳಬೇಕಾಗಿಲ್ಲ. ನಲ್ಲಿಯ ಕೆಳಗೆ ಒಂದು ಗಿಣ್ಣು ಬಿದ್ದರೆ ಸಾಕು, ಬಳ್ಳಿ ಓಡಿ ಓಡಿ ಅಲ್ಲಲ್ಲಿ ಬೇರು ಬಿಟ್ಟು, ದೀಪಾವಳಿ ಹೊತ್ತಿಗೆ ತಂಬುಳಿಗೆ ಆಗುವಷ್ಟು ಇರುತ್ತೆ.

ಬೇಡದಿದ್ದವೂ ಹೀಗೇ ಬರುತ್ತವೆ

ಗರಿಕೆ ನೆಲದ ಮೇಲೂ ಓಡುತ್ತೆ, ಒಳಗೂ ಓಡುತ್ತೆ. ಗಣಪತಿಗೆ ಇಪ್ಪತ್ತೊಂದು ಬೇಕು ಅಂತ ಒಂದು ಮೂಲೆಯಲ್ಲಿ ಬಿಟ್ಟಿದ್ದೆ. ಮರುವರ್ಷ ಇಪ್ಪತ್ತೊಂದು ಸಾವಿರ ಇತ್ತು. ಅಣ್ಣ ಒಂದು ಸಲ ಗರಿಕೆ ಇದ್ದ ಗದ್ದೆಗೆ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಿ ಖುಷಿಪಟ್ಟ. ಅದು ಗರಿಕೆಯನ್ನು ಬೆರಳುದ್ದ ತುಂಡು ಮಾಡಿ ಗದ್ದೆ ತುಂಬ ನಾಟಿ ಮಾಡಿತ್ತು. ಪ್ರತಿ ತುಂಡಲ್ಲೂ ಗಿಣ್ಣು, ಪ್ರತಿ ಗಿಣ್ಣಲ್ಲೂ ಚಿಗುರು. ಕೆರೆಗಳಲ್ಲಿ ನೇರಳೆ ಹೂ ಬಿಡುವ ವಾಟರ್ ಹಯಾಸಿಂತ್ ಮಾಡುವುದೂ ಇದೇ ಕೆಲಸ. ಅರ್ಧಂಬರ್ಧ ಎತ್ತಿ ಬಿಟ್ಟರೆ ಉಳಿದ ತುಂಡು ವಾರಗಳಲ್ಲಿ ಮತ್ತೆ ಹಬ್ಬುತ್ತೆ.

ಗರಿಕೆಗೆ ಸುಲಭದ ಮದ್ದು ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ಮಣ್ಣು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಮಣ್ಣು ಒತ್ತಿ, ಆರು ವಾರ ಬಿಡಿ. ಕಪ್ಪು ಹಾಳೆಗಿಂತ ಪಾರದರ್ಶಕದಲ್ಲಿ ಮಣ್ಣು ಜಾಸ್ತಿ ಕಾಯುತ್ತೆ. ಆಮೇಲೆ ಅಗೆದು, ಆಳದ ಬೇರು ಸಿಕ್ಕರೆ ಆರಿಸಿ ತೆಗೆಯಿರಿ.

ಜೇಕಿಗೆ ಇದು ಸಾಲಲ್ಲ. ಊರಲ್ಲಿ ಕೊನ್ನಾರಿ ಅಂತಲೂ ಕರೀತಾರೆ. ಮೇಲೆ ಹುಲ್ಲು, ಕೆಳಗೆ ಕಡಲೆಕಾಯಿ ಬೀಜದಷ್ಟು ಕಪ್ಪು ಗಡ್ಡೆಗಳು, ಒಂದಕ್ಕೊಂದು ದಾರದಲ್ಲಿ ಪೋಣಿಸಿದ ಹಾಗೆ. ಮೇಲಿನ ಗಡ್ಡೆ ಚಿಗುರಿರುವಾಗ ಕೆಳಗಿನವು ಸುಮ್ಮನೆ ಮಲಗಿರುತ್ತವೆ. ನೀವು ಹುಲ್ಲು ಕಿತ್ತು ಆ ದಾರ ಹರಿದರೆ ಅವೆಲ್ಲ ಎಚ್ಚರವಾಗುತ್ತವೆ. ಒಂದು ಕಿತ್ತರೆ ಐದು ಬರುವುದು ಅದಕ್ಕೇ. ಬಹುಪಾಲು ಗಡ್ಡೆ ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ. ಬೇಸಿಗೆಯಲ್ಲಿ ಗುದ್ದಲಿ ಹಾಕಿ ಅಷ್ಟನ್ನೂ ತಿರುವಿ, ಗಡ್ಡೆ ಆರಿಸಿ, ಎರಡು ವಾರ ಸುಡುವ ಬಿಸಿಲಿಗೆ ಬಿಡಬೇಕು. ಒಣಗಿದರೆ ಸಾಯುತ್ತವೆ. ನೀರು ಹಾಕಿದಿರೋ, ಕೆಟ್ಟಿರಿ. ಆಮೇಲೆ ಆ ಜಾಗಕ್ಕೆ ಸಿಹಿಗೆಣಸಿನ ಬಳ್ಳಿ ಹಬ್ಬಿಸಿ, ಜೇಕಿಗೆ ನೆರಳು ಆಗಲ್ಲ.

ನಮ್ಮ ಮನೆಗೆ ಜೇಕು ಬಂದಿದ್ದು ಯಾರೋ ಪ್ರೀತಿಯಿಂದ ಕೊಟ್ಟ ಅರಿಶಿನದ ಕುಂಡದಲ್ಲಿ. ಅದಕ್ಕೇ ಈಗ ಯಾವ ಗಿಡ ಕೊಟ್ಟರೂ ಬೇರಿನ ಸುತ್ತಲಿನ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ ಕೊಡ್ತೀನಿ. ಹೋದ ವಾರ ಎದುರು ಬೀದಿಯ ಹುಡುಗಿಯೊಬ್ಬಳು ಕರಿಬೇವಿಗೆ ಬಂದಿದ್ದಳು. ಉಂಡೆಯಲ್ಲಿ ಎರಡು ಕಪ್ಪು ಗಡ್ಡೆ ಸಿಕ್ಕವು. ಆರಿಸಿ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟೆ. "ಇದೇನಾಂಟಿ, ಇದೂ ನೆಡಬಹುದಾ?" ಅಂತ ಕೇಳಿದಳು. ಇಟ್ಟ ಎರಡನ್ನೂ ಸೆರಗಲ್ಲಿ ಕಟ್ಟಿಕೊಂಡೆ, ಅವಳ ಕೈಗೆ ಸಿಗದ ಹಾಗೆ.